ಎಫ್‌ಐಆರ್, ಚಾರ್ಜ್‌ಶೀಟ್, ಆರೋಪ ನಿಗದಿ, ತೀರ್ಪು: ಯಾವ ಹಂತದಲ್ಲಿ ಏನು ಸಾಬೀತಾಗಿರುತ್ತೆ?

ಚಂದನಾ_ಎಲ್‌ಎಲ್‌ಬಿ:
ಕ್ರಿಮಿನಲ್ ಲಾ ಪರೀಕ್ಷೆಗೆ ಓದುತ್ತಿರುವವರೆಲ್ಲ ಒಂದೇ ಕಡೆ ಎಡವುತ್ತಿದ್ದೇವೆ. ಎಫ್‌ಐಆರ್ ಆಯ್ತು ಅಂದ ಕೂಡಲೇ ಟಿವಿ ಚರ್ಚೆಗಳಲ್ಲಿ ಆ ವ್ಯಕ್ತಿ ತಪ್ಪಿತಸ್ಥ ಅಂತ ತೀರ್ಮಾನವಾಗಿಬಿಡುತ್ತೆ. ಇನ್ನೊಂದು ಕಡೆಯವರು ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡಿಯೋವರೆಗೂ ಏನೂ ಆಗಿಲ್ಲ ಅಂತಾರೆ. ಎರಡೂ ಸರಿ ಅನ್ನಿಸಲ್ಲ. ದೂರಿನಿಂದ ತೀರ್ಪಿನವರೆಗೆ ಒಂದೊಂದು ಹಂತಕ್ಕೂ ಕಾನೂನು ಎಷ್ಟು ಆಧಾರ ಕೇಳುತ್ತೆ? ಹೊಸ ಸಂಹಿತೆಗಳ ಸೆಕ್ಷನ್ ಸಮೇತ ಹೇಳಿದರೆ ಉಪಕಾರ.

ಲಾ_ಮೇಷ್ಟ್ರು:
ಪ್ರಶ್ನೆ ಸರಿಯಾಗಿದೆ. ಇದೊಂದು ಅರ್ಥವಾದರೆ ಅರ್ಧ ಕ್ರಿಮಿನಲ್ ಪ್ರಕ್ರಿಯೆ ಕೈಗೆ ಸಿಕ್ಕ ಹಾಗೆ.

ಎಫ್‌ಐಆರ್ ಹಂತದಲ್ಲಿ ಸಾಬೀತು ಅನ್ನೋ ಮಾತೇ ಇಲ್ಲ. ಬಂದ ಮಾಹಿತಿಯನ್ನು ನಿಜ ಅಂತ ಇಟ್ಟುಕೊಂಡರೆ ಸಂಜ್ಞೇಯ ಅಪರಾಧ (ಕೋರ್ಟ್ ಆದೇಶಕ್ಕೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದದ್ದು) ಕಾಣುತ್ತಾ? ಕಾಣುತ್ತೆ ಅಂದರೆ ಹಳೇ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ರ ಅಡಿ ದಾಖಲಿಸಬೇಕು. ಮಾಹಿತಿ ನಂಬುವಂಥದ್ದೋ ಅಲ್ಲವೋ ಅಂತ ಠಾಣಾಧಿಕಾರಿ ಆ ಗಳಿಗೆಯಲ್ಲಿ ತೂಗಿ ನೋಡುವ ಹಾಗಿಲ್ಲ. 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸಂವಿಧಾನ ಪೀಠ ಹೇಳಿದ್ದು ಇದನ್ನೇ.

ಬಂಧನಕ್ಕೆ ಇನ್ನೊಂದು ಮಟ್ಟ: ಸಮಂಜಸ ಸಂಶಯದ ಜೊತೆಗೆ ಬಂಧಿಸುವ ಅಗತ್ಯವೂ ಇರಬೇಕು. ಚಾರ್ಜ್‌ಶೀಟ್ ಅಂದರೆ ತನಿಖಾಧಿಕಾರಿಯ ಅಭಿಪ್ರಾಯ ಮತ್ತು ಅದಕ್ಕೆ ಆಧಾರವಾದ ದಾಖಲೆ, ಅಷ್ಟೇ. ಆರೋಪ ನಿಗದಿಯಲ್ಲಿ ನ್ಯಾಯಾಧೀಶರು ಮೊದಲ ಸಲ ಜರಡಿ ಹಿಡಿಯುತ್ತಾರೆ. ಅಲ್ಲಿ ಬೇಕಿರೋದು ಬಲವಾದ ಸಂಶಯ. ತೀರ್ಪಿಗೆ ಮಾತ್ರ ಸಂದೇಹಾತೀತ ಪುರಾವೆ ಬೇಕು.

ಸುಮ್ನೆ_ಕೇಳ್ದೆ:
ಹಾಗಾದ್ರೆ ಎಫ್‌ಐಆರ್‌ಗೆ ಕೋರ್ಟ್‌ನಲ್ಲಿ ಬೆಲೆನೇ ಇಲ್ವಾ?

ಅಡ್ವೊಕೇಟ್_ಆರ್‌ಕೆ:
ಇದೆ, ಆದರೆ ಅದು ಸ್ವತಂತ್ರ ಸಾಕ್ಷ್ಯ ಅಲ್ಲ. ದೂರುದಾರರು ಸಾಕ್ಷಿ ಕಟ್ಟೆ ಹತ್ತಿ ನುಡಿಯೋದೇ ಸಾಕ್ಷ್ಯ. ಆ ನುಡಿಗೆ ಬೆಂಬಲವಾಗಿ ಅಥವಾ ಅದನ್ನು ಅಲ್ಲಗಳೆಯೋಕೆ ಎಫ್‌ಐಆರ್ ಬಳಸಬಹುದು. ಒಂದು ವಿಶೇಷ ಸಂದರ್ಭ ಇದೆ. ಗಾಯಾಳು ದೂರು ಕೊಟ್ಟು ಆಮೇಲೆ ಅದೇ ಗಾಯದಿಂದ ತೀರಿಕೊಂಡರೆ, ಸಾವಿನ ಕಾರಣ ಹೇಳುವ ಆ ಮಾತು ಮರಣಕಾಲದ ಹೇಳಿಕೆಯಾಗಿ ಒಳಗೆ ಬರುತ್ತೆ (ಸಾಕ್ಷ್ಯ ಅಧಿನಿಯಮ, ಸೆಕ್ಷನ್ 26). ಅದೇ ಆರೋಪಿಯೇ ಠಾಣೆಗೆ ಬಂದು "ನಾನೇ ಕೊಂದೆ" ಅಂತ ಬರೆಸಿದ ಎಫ್‌ಐಆರ್ ಆಗಿದ್ದರೆ, ಆ ತಪ್ಪೊಪ್ಪಿಗೆ ಅವನ ವಿರುದ್ಧ ನಡೆಯಲ್ಲ. 1966ರ ಅಘ್ನೂ ನಗೇಸಿಯಾ ಪ್ರಕರಣ ಓದಿ.

ಮೇಷ್ಟ್ರು ಲಲಿತಾ ಕುಮಾರಿ ಹೇಳಿ ನಿಲ್ಲಿಸಿದ್ದು ಸಾಲದು. ಹೊಸ 173(3) ಬಂದ ಮೇಲೆ ಚಿತ್ರ ಬದಲಾಗಿದೆ. 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ, ಡಿವೈಎಸ್‌ಪಿ ಮಟ್ಟದ ಅಧಿಕಾರಿಯ ಪೂರ್ವಾನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಮೇಲ್ನೋಟಕ್ಕೆ ಪ್ರಕರಣ ಇದೆಯಾ ಅಂತ ನೋಡೋದು ಅದರ ಉದ್ದೇಶ.

ಲಾ_ಮೇಷ್ಟ್ರು:
ಒಪ್ಪಿದೆ. ಆದರೆ ಆ ಉಪವಿಧಿಯನ್ನು ನೆಪ ಮಾಡಿಕೊಂಡು ಎಲ್ಲ ದೂರನ್ನೂ 14 ದಿನ ತಳ್ಳೋಕೆ ಬರಲ್ಲ. ಕೊಲೆ, ದರೋಡೆ, ಅತ್ಯಾಚಾರದಂಥ ದೂರಿಗೆ 173(3) ಅನ್ವಯಿಸೋದೇ ಇಲ್ಲ. ಪರೀಕ್ಷೆಯಲ್ಲಿ ಮೂರು ಅಂಶವೂ ಬರೀಬೇಕು: ಶಿಕ್ಷೆಯ ವ್ಯಾಪ್ತಿ, ಅನುಮತಿ, 14 ದಿನ. ಒಂದು ಬಿಟ್ಟರೂ ಉತ್ತರ ಅರ್ಧ.

ನೇತ್ರಾವತಿ_ಎಸ್:
ಠಾಣೆಯಲ್ಲಿ ತಗೊಳ್ಳಲ್ಲ ಅಂದರೆ ಏನು ಮಾಡೋದು ಅನ್ನೋದನ್ನೂ ಹೇಳಿ. ಜನಕ್ಕೆ ನಿಜವಾಗಿ ಬೇಕಾಗಿರೋದು ಅದು.

ಅಡ್ವೊಕೇಟ್_ಆರ್‌ಕೆ:
ಮೆಟ್ಟಿಲುಗಳು ಹೀಗಿವೆ. ದೂರನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಕೇಳಿ. ನಿರಾಕರಿಸಿದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ರಶೀದಿ ಜೋಪಾನ ಮಾಡಿ. ಅಲ್ಲೂ ಆಗದಿದ್ದರೆ 173(4)ರ ಪ್ರಕಾರ ಮ್ಯಾಜಿಸ್ಟ್ರೇಟ್ ಬಳಿ ಹೋಗಬೇಕು. ಅವರು 175(3)ರಲ್ಲಿ ತನಿಖೆಗೆ ಆದೇಶ ಕೊಡಬಹುದು. ಹಳೇ 156(3) ಅಂದರೆ ಎಲ್ಲರಿಗೂ ಗೊತ್ತಾಗುತ್ತೆ.

ಹೆಚ್ಚು ಅರ್ಜಿ ಬೀಳೋದು ಎರಡು ಕಾರಣಕ್ಕೆ. ಅರ್ಜಿಯ ಜೊತೆ ಪ್ರಮಾಣಪತ್ರ ಇಲ್ಲ, ಅಥವಾ ಎಸ್‌ಪಿಗೆ ಬರೆದ ಹಂತವನ್ನೇ ಹಾರಿ ನೇರ ಕೋರ್ಟ್‌ಗೆ ಬಂದಿದ್ದಾರೆ. ಹೊಸ ಸಂಹಿತೆ ಎರಡನ್ನೂ ಬಾಯಿಬಿಟ್ಟು ಕೇಳುತ್ತೆ.

ಇನ್ನೊಂದು ಮಾತು. "ಇದು ನಮ್ಮ ಸರಹದ್ದಲ್ಲ" ಅನ್ನೋದು ಈಗ ಕಾರಣವೇ ಅಲ್ಲ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಆಗುತ್ತೆ, ಆಮೇಲೆ ಸಂಬಂಧಪಟ್ಟ ಠಾಣೆಗೆ ವರ್ಗ. ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

ಕಟಕಟೆ:
ಅಸಂಜ್ಞೇಯ ಅಪರಾಧಕ್ಕೆ ಇದ್ಯಾವುದೂ ಇಲ್ಲ ಅನ್ನೋದನ್ನು ಸೇರಿಸಿ. ಅಲ್ಲಿ ಎನ್‌ಸಿಆರ್ (ಅಸಂಜ್ಞೇಯ ವರದಿ) ಮಾಡಿ ಮ್ಯಾಜಿಸ್ಟ್ರೇಟ್ ಬಳಿಗೆ ಕಳಿಸ್ತಾರೆ. ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ (ಸೆಕ್ಷನ್ 174).

ಸುಮ್ನೆ_ಕೇಳ್ದೆ:
ಎಫ್‌ಐಆರ್ ಆದ್ಮೇಲೆ ಅರೆಸ್ಟ್ ಮಾಡಲೇಬೇಕಲ್ವಾ? ಮಾಡದಿದ್ರೆ ಪೊಲೀಸರು ಶಾಮೀಲು ಅಂತಾರಲ್ಲ ಎಲ್ರೂ.

ಭಾಗ_ಮೂರು:
ಖಂಡಿತ ಇಲ್ಲ, ಈ ತಪ್ಪು ಕಲ್ಪನೆಯಿಂದ ಆಗಿರೋ ಹಾನಿ ಸಣ್ಣದಲ್ಲ. ಬಂಧಿಸುವ ಅಧಿಕಾರ ಬೇರೆ, ಬಂಧಿಸುವ ಅಗತ್ಯ ಬೇರೆ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಅಂತ ಅಧಿಕಾರಿ ಬರೆದಿಡಬೇಕು: ಇನ್ನೊಂದು ಅಪರಾಧ ತಡೆಯೋಕೆ, ಸರಿಯಾದ ತನಿಖೆಗೆ, ಸಾಕ್ಷ್ಯ ನಾಶ ಅಥವಾ ಸಾಕ್ಷಿಗಳ ಬೆದರಿಕೆ ತಡೆಯೋಕೆ, ಕೋರ್ಟ್‌ಗೆ ಹಾಜರಾಗುವ ಖಾತ್ರಿಗೆ. ಅಗತ್ಯ ಇಲ್ಲದಿದ್ದರೆ ಪೊಲೀಸರ ಮುಂದೆ ಹಾಜರಾಗಿ ಅನ್ನುವ 35(3)ರ ನೋಟಿಸ್ ಸಾಕು. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನೇ ಗಟ್ಟಿ ಮಾಡಿದ್ದು. ನೋಟಿಸ್‌ಗೆ ಸ್ಪಂದಿಸುತ್ತಾ ಇರುವವರನ್ನು ಕಾರಣ ದಾಖಲಿಸದೆ ಬಂಧಿಸುವ ಹಾಗಿಲ್ಲ.

35(7) ಹೊಸದು. ಶಿಕ್ಷೆ 3 ವರ್ಷಕ್ಕಿಂತ ಕಡಿಮೆ ಇದ್ದು, ಆ ವ್ಯಕ್ತಿ ಅಶಕ್ತರು ಅಥವಾ 60 ದಾಟಿದವರಾದರೆ ಡಿವೈಎಸ್‌ಪಿ ಅನುಮತಿ ಇಲ್ಲದೆ ಬಂಧನ ಇಲ್ಲ.

ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇವು ಸಂವಿಧಾನದ 22ನೇ ವಿಧಿಯಲ್ಲೇ ಇವೆ.

ನೇತ್ರಾವತಿ_ಎಸ್:
ವಕೀಲರಿಗೆ ಕೊಡೋಕೆ ದುಡ್ಡಿಲ್ಲದವರು ಏನ್ಮಾಡ್ಬೇಕು? ಹಕ್ಕು ಪುಸ್ತಕದಲ್ಲಿದ್ದರೆ ಸಾಕಾ?

ಭಾಗ_ಮೂರು:
ಮೇಡಂ, ಕಸ್ಟಡಿಯಲ್ಲಿರುವ ಯಾರಿಗೇ ಆದರೂ ಉಚಿತ ಕಾನೂನು ನೆರವು ಸಿಗಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಅವರ ಆದಾಯ ಕೇಳೋದೇ ಇಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೂ ಹಾಗೇ. ಮೊದಲ ರಿಮ್ಯಾಂಡ್ (ಮ್ಯಾಜಿಸ್ಟ್ರೇಟ್ ಕಸ್ಟಡಿಗೆ ಒಪ್ಪಿಸುವ ಆದೇಶ) ದಿನವೇ "ವಕೀಲರಿಲ್ಲ, ನೇಮಿಸಿ" ಅಂತ ಮ್ಯಾಜಿಸ್ಟ್ರೇಟ್‌ಗೆ ಹೇಳಬೇಕು. ಮನೆಯವರು 15100ಕ್ಕೆ ಕರೆ ಮಾಡಬಹುದು.

ಚಂದನಾ_ಎಲ್‌ಎಲ್‌ಬಿ:
60 ದಿನ, 90 ದಿನದ ಲೆಕ್ಕ ಯಾರಾದ್ರೂ ಬಿಡಿಸಿ ಹೇಳ್ತೀರಾ? ಆ ಪ್ರಶ್ನೆ ಗ್ಯಾರಂಟಿ ಬರುತ್ತೆ.

ಅಡ್ವೊಕೇಟ್_ಆರ್‌ಕೆ:
ಸೆಕ್ಷನ್ 187, ಹಳೇ 167. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಹಾಗೂ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದವಕ್ಕೆ 60. ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತೆ. ಪ್ರಕರಣ ಎಷ್ಟು ಗಂಭೀರ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ.

ಎಣಿಕೆ ಬಂಧನದ ದಿನದಿಂದ ಅಲ್ಲ, ಮ್ಯಾಜಿಸ್ಟ್ರೇಟ್ ಮೊದಲು ರಿಮ್ಯಾಂಡ್ ಮಾಡಿದ ದಿನದಿಂದ, ಆ ದಿನವೂ ಸೇರಿ. 2023ರ ಕಪಿಲ್ ವಾಧವಾನ್ ತೀರ್ಪು ಈ ವಿವಾದ ಮುಗಿಸಿತು. ಉದಾಹರಣೆಗೆ ಮೋಸದ ಪ್ರಕರಣ, ನ್ಯಾಯ ಸಂಹಿತೆಯ (ಐಪಿಸಿ ಜಾಗಕ್ಕೆ ಬಂದದ್ದು) 318(4), ಗರಿಷ್ಠ 7 ವರ್ಷ. ಜೂನ್ 1ಕ್ಕೆ ರಿಮ್ಯಾಂಡ್ ಆದರೆ ಜುಲೈ 30 ಅರವತ್ತನೇ ದಿನ. ಅಂದಿಗೂ ಚಾರ್ಜ್‌ಶೀಟ್ ಬಂದಿಲ್ಲ ಅಂದರೆ ಜುಲೈ 31ರ ಬೆಳಿಗ್ಗೆ ಅರ್ಜಿ ರೆಡಿ ಇರಬೇಕು.

ಎಡವಟ್ಟಾಗೋದು ಇಲ್ಲೇ. ಹಕ್ಕು ತಾನಾಗಿ ಬಾಗಿಲು ತೆರೆಯಲ್ಲ, ಕೇಳಬೇಕು. ಜುಲೈ 31ಕ್ಕೆ ಅರ್ಜಿ ಹಾಕದೆ ಸುಮ್ಮನಿದ್ದು, ಆಗಸ್ಟ್ 1ಕ್ಕೆ ಚಾರ್ಜ್‌ಶೀಟ್ ಬಂದರೆ ಹಕ್ಕು ಹೋಯಿತು. ಅರ್ಜಿ ಮೊದಲು ಬಿದ್ದಿದ್ದರೆ, ಅದೇ ಮಧ್ಯಾಹ್ನ ಚಾರ್ಜ್‌ಶೀಟ್ ತಂದಿಟ್ಟರೂ ಹಕ್ಕು ಉಳಿಯುತ್ತೆ. ಜಾಮೀನು ಸಿಕ್ಕ ಮೇಲೆ ಶ್ಯೂರಿಟಿ ಕೊಡೋಕೂ ಸಿದ್ಧವಿರಬೇಕು.

ಕಟಕಟೆ:
ಆ "10 ವರ್ಷ" ಅನ್ನೋದನ್ನು ಅಷ್ಟು ಸಲೀಸಾಗಿ ಬಿಡಬೇಡಿ ಸರ್. ಕನಿಷ್ಠ 10 ವರ್ಷ ಶಿಕ್ಷೆ ಇರಬೇಕಾ, ಗರಿಷ್ಠ 10 ಇದ್ದರೆ ಸಾಕಾ? 2017ರ ರಾಕೇಶ್ ಕುಮಾರ್ ಪೌಲ್ ಪ್ರಕರಣದಲ್ಲಿ ಬಹುಮತದ ಅಭಿಪ್ರಾಯ: ಕನಿಷ್ಠ ಶಿಕ್ಷೆಯೇ 10 ವರ್ಷ ಆಗಿದ್ದರೆ ಮಾತ್ರ 90 ದಿನ. ಗರಿಷ್ಠ 10 ಅಂತ ಇದ್ದರೆ 60 ದಿನವೇ. ಅದು ಹಳೇ ಸಂಹಿತೆಯ ಪದಗಳ ಮೇಲೆ ಬಂದ ತೀರ್ಪು, 187ರಲ್ಲಿ ಪದಗಳು ಸ್ವಲ್ಪ ಬದಲಾಗಿವೆ. ಉತ್ತರದಲ್ಲಿ ಎರಡನ್ನೂ ಬರೆದರೆ ಒಳ್ಳೇದು.

ಲಾ_ಮೇಷ್ಟ್ರು:
ಒಳ್ಳೆಯ ಸೇರ್ಪಡೆ. ಪೊಲೀಸ್ ಕಸ್ಟಡಿಯ 15 ದಿನವನ್ನು ಈ 60-90ರ ಜೊತೆ ಕಲಸಬೇಡಿ. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಮೊದಲು ಅದನ್ನು ರಿಮ್ಯಾಂಡ್‌ನ ಆರಂಭದ 15 ದಿನದಲ್ಲೇ ಪಡೆಯಬೇಕಿತ್ತು. ಈಗ 60 ದಿನದ ಪ್ರಕರಣವಾದರೆ ಮೊದಲ 40 ದಿನದಲ್ಲಿ, 90ರದ್ದಾದರೆ ಮೊದಲ 60 ದಿನದಲ್ಲಿ ಬಿಡಿಬಿಡಿಯಾಗಿ ಕೇಳಬಹುದು. ಇದು ಆರೋಪಿಯ ದೃಷ್ಟಿಯಿಂದ ದೊಡ್ಡ ಬದಲಾವಣೆ. ನ್ಯಾಯಾಂಗ ಬಂಧನಕ್ಕೆ ಹೋದವರನ್ನು ವಾರಗಳ ನಂತರವೂ ಠಾಣೆಗೆ ಮರಳಿ ಕರೆಸಿಕೊಳ್ಳುವ ದಾರಿ ತೆರೆದಿದೆ. ನನಗೆ ಇದು ಸರಿ ಕಾಣಲ್ಲ.

ಮಹಜರು:
ತನಿಖೆ ದೃಷ್ಟಿಯಿಂದ ಸರಿ ಇದೆ ಮೇಷ್ಟ್ರೇ. ಸಹ ಆರೋಪಿ 25ನೇ ದಿನ ಸಿಕ್ಕರೆ ಇಬ್ಬರನ್ನೂ ಮುಖಾಮುಖಿ ವಿಚಾರಣೆ ಮಾಡೋಕೆ ಹಳೇ ನಿಯಮ ಬಿಡ್ತಿರಲಿಲ್ಲ. ಮೊದಲ 15 ದಿನ ಆಸ್ಪತ್ರೆಯಲ್ಲಿ ಮಲಗಿಬಿಟ್ಟರೆ ಕಸ್ಟಡಿಯೇ ಸಿಗ್ತಿರಲಿಲ್ಲ.

ಲಾ_ಮೇಷ್ಟ್ರು:
ಆ ತೊಂದರೆಗೆ ಆ ಪ್ರಕರಣಗಳಷ್ಟಕ್ಕೇ ವಿನಾಯಿತಿ ಬರೆಯಬಹುದಿತ್ತು. ಎಲ್ಲರಿಗೂ ಬಾಗಿಲು ತೆರೆದದ್ದೇ ನನ್ನ ತಕರಾರು.

ಸುಮ್ನೆ_ಕೇಳ್ದೆ:
ಪೊಲೀಸ್ ಕಸ್ಟಡೀಲಿ ತಪ್ಪೊಪ್ಪಿಕೊಂಡ ಅಂತ ಪೇಪರಲ್ಲಿ ಬರುತ್ತಲ್ಲ, ಅಲ್ಲಿಗೆ ಕೇಸ್ ಮುಗೀತಲ್ವಾ?

ಮಹಜರು:
ಮುಗಿಯಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ (ಸಾಕ್ಷ್ಯ ಅಧಿನಿಯಮ 23, ಹಳೇ 25ರಿಂದ 27). ಒಂದೇ ಕಿಂಡಿ ಇದೆ: ಆ ಹೇಳಿಕೆಯಿಂದ ಹೊಸ ಸಂಗತಿ ಪತ್ತೆಯಾದರೆ, ಪತ್ತೆಗೆ ನೇರ ಸಂಬಂಧಪಟ್ಟ ಭಾಗ ಮಾತ್ರ ಒಳಗೆ ಬರುತ್ತೆ. "ಅವನನ್ನು ಇರಿದ ಚಾಕುವನ್ನು ಬಾವಿಗೆ ಎಸೆದಿದ್ದೇನೆ, ತೋರಿಸ್ತೀನಿ" ಅಂದ ಅಂತಿಟ್ಟುಕೊಳ್ಳಿ. "ಚಾಕುವನ್ನು ಬಾವಿಗೆ ಎಸೆದಿದ್ದೇನೆ, ತೋರಿಸ್ತೀನಿ" ಅನ್ನೋದು ಬರುತ್ತೆ, "ಅವನನ್ನು ಇರಿದ" ಬರಲ್ಲ. 1947ರ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹಾಕಿದ ಗೆರೆ ಇಂದಿಗೂ ಅದೇ.

ಇಂಥ ವಶಪಡಿಸಿಕೊಳ್ಳುವಿಕೆ ಬಿದ್ದುಹೋಗೋದು ಸಾಮಾನ್ಯವಾಗಿ ಹೀಗೆ: ಪಂಚರನ್ನು (ಜಪ್ತಿಗೆ ಸಾಕ್ಷಿಯಾಗಿ ನಿಲ್ಲುವವರು) ಠಾಣೆಗೇ ಕರೆಸಿ ಸಹಿ ಹಾಕಿಸಿರ್ತಾರೆ, ಪಾಟೀ ಸವಾಲಿನಲ್ಲಿ ಅವರು "ಬಾವಿ ಹತ್ತಿರ ಹೋಗೇ ಇಲ್ಲ" ಅಂತಾರೆ. ಅಥವಾ ಜಾಗ ಎಲ್ಲರೂ ಓಡಾಡೋ ಬಯಲು. ಅಥವಾ ಸೀಲ್ ಮಾಡಿದ ವಸ್ತು ಠಾಣೆಯಿಂದ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಹೋಗೋವರೆಗೆ ಯಾರ ಬಳಿ ಇತ್ತು ಅನ್ನೋದಕ್ಕೆ ದಾಖಲೆ ಇರಲ್ಲ. ಈಗ ಶೋಧ, ಜಪ್ತಿಯನ್ನು ವಿಡಿಯೊ ಮಾಡಲೇಬೇಕು (ಸೆಕ್ಷನ್ 105). 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧದಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತ 176(3) ಹೇಳುತ್ತೆ. ಅದನ್ನು ಜಾರಿ ಮಾಡೋಕೆ ರಾಜ್ಯಗಳಿಗೆ 5 ವರ್ಷದ ಕಾಲಾವಕಾಶ ಇದೆ.

ಭಾಗ_ಮೂರು:
ಮಂಪರು ಪರೀಕ್ಷೆ ಬಗ್ಗೆಯೂ ಹೇಳಿಬಿಡ್ತೀನಿ, ಯಾರಾದ್ರೂ ಕೇಳೇ ಕೇಳ್ತಾರೆ. 2010ರ ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ ತೀರ್ಪಿನ ಪ್ರಕಾರ ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತ ಮಾಡುವಂತಿಲ್ಲ ಅನ್ನುವ ಸಂವಿಧಾನದ 20(3)ನೇ ವಿಧಿ ಅಡ್ಡ ಬರುತ್ತೆ. ಬೆರಳಚ್ಚಿಗೆ ಅದು ಅಡ್ಡ ಬರಲ್ಲ. ವ್ಯತ್ಯಾಸ ಏನಂದರೆ, ಬೆರಳಚ್ಚು ಕೊಡುವಾಗ ಆರೋಪಿ ತನಗೆ ಗೊತ್ತಿರೋದನ್ನು ಹೇಳುತ್ತಿಲ್ಲ (ಕಾಥಿ ಕಾಲು, 1961).

ಚಂದನಾ_ಎಲ್‌ಎಲ್‌ಬಿ:
ಚಾರ್ಜ್‌ಶೀಟ್ ಮತ್ತು ಆರೋಪ ನಿಗದಿ ನಡುವಿನದ್ದು ಇನ್ನೂ ಮಸುಕಾಗಿದೆ.

ಕಟಕಟೆ:
ಚಾರ್ಜ್‌ಶೀಟ್ ಪೊಲೀಸರದ್ದು, ಸೆಕ್ಷನ್ 193. ಆರೋಪ ನಿಗದಿ ನ್ಯಾಯಾಲಯದ್ದು. ಚಾರ್ಜ್‌ಶೀಟ್‌ನಲ್ಲಿ ಹತ್ತು ಸೆಕ್ಷನ್ ಹಾಕಿದ್ದರೂ ನ್ಯಾಯಾಧೀಶರು ನಾಲ್ಕಕ್ಕೆ ಇಳಿಸಬಹುದು, ಇಲ್ಲವೇ ಆರೋಪಿಯನ್ನೇ ಕೈಬಿಡಬಹುದು. ಸೆಷನ್ಸ್ ಪ್ರಕರಣವಾದರೆ 250, ಮ್ಯಾಜಿಸ್ಟ್ರೇಟ್ ಮುಂದಿನ ವಾರಂಟ್ ಪ್ರಕರಣವಾದರೆ 262. ಆ ಹಂತದಲ್ಲಿ ಸಾಕ್ಷ್ಯವನ್ನು ತಕ್ಕಡಿಗೆ ಹಾಕಿ ತೂಗಲ್ಲ. 1979ರ ಪ್ರಫುಲ್ಲ ಕುಮಾರ್ ಸಮಲ್ ತೀರ್ಪು ಅಳತೆ ಕೊಟ್ಟಿದೆ: ದಾಖಲೆಯಿಂದ ಗಂಭೀರ ಸಂಶಯ ಹುಟ್ಟಿದರೆ ವಿಚಾರಣೆ ನಡೀಬೇಕು, ಬರೀ ಒಂದಿಷ್ಟು ಸಂಶಯ ಮಾತ್ರ ಇದ್ದರೆ ಬಿಡುಗಡೆ.

ತನಿಖೆಯಲ್ಲಿ ಏನೂ ಸಿಗದಿದ್ದರೆ ಬಿ ರಿಪೋರ್ಟ್. ಅದೂ ಕೊನೆಯ ಮಾತಲ್ಲ. ದೂರುದಾರರಿಗೆ ನೋಟಿಸ್ ಹೋಗಬೇಕು, ಅವರು ತಕರಾರು ಅರ್ಜಿ ಹಾಕಬಹುದು. ಮ್ಯಾಜಿಸ್ಟ್ರೇಟ್ ವರದಿ ಒಪ್ಪಬಹುದು, ಇನ್ನಷ್ಟು ತನಿಖೆಗೆ ಹೇಳಬಹುದು, ಅದೇ ದಾಖಲೆ ಮೇಲೆ ಸಂಜ್ಞಾನ ತೆಗೆದುಕೊಳ್ಳಲೂಬಹುದು, ಅಂದರೆ ಪ್ರಕರಣವನ್ನು ಮುಂದುವರಿಸಲೂಬಹುದು.

ನೇತ್ರಾವತಿ_ಎಸ್:
ಇದೆಲ್ಲ ಸರಿ. ಆದರೆ ಮಂತ್ರಿ ಮೇಲೆ ಎಫ್‌ಐಆರ್ ಆದ್ರೆ ರಾಜೀನಾಮೆ ಕೊಡಬೇಕೋ ಬೇಡವೋ? ಕಾನೂನು ಏನನ್ನುತ್ತೆ?

ಲಾ_ಮೇಷ್ಟ್ರು:
ಎಫ್‌ಐಆರ್ ಆದ ಕಾರಣಕ್ಕೆ ಹುದ್ದೆ ಹೋಗುತ್ತೆ ಅನ್ನೋ ಕಾನೂನು ಇಲ್ಲ. 2014ರ ಮನೋಜ್ ನರೂಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪ್ರಧಾನಿ, ಮುಖ್ಯಮಂತ್ರಿಗಳ ವಿವೇಚನೆಗೆ, ಅವರ ಮೇಲಿನ ಸಾಂವಿಧಾನಿಕ ವಿಶ್ವಾಸಕ್ಕೆ ಬಿಟ್ಟಿತು. ಸದಸ್ಯತ್ವಕ್ಕೆ ಮಾತ್ರ ಗೆರೆ ಸ್ಪಷ್ಟ. ಪ್ರಜಾಪ್ರತಿನಿಧಿ ಕಾಯ್ದೆ 8(3)ರಲ್ಲಿ 2 ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ದೋಷಿ ಎಂದು ಘೋಷಿಸಿದ ದಿನದಿಂದಲೇ ಅನರ್ಹತೆ, ಬಿಡುಗಡೆಯಾದ ಮೇಲೂ 6 ವರ್ಷ. ಮೊದಲು ಹಾಲಿ ಸದಸ್ಯರಿಗೆ ಮೇಲ್ಮನವಿ ನೆಪದಲ್ಲಿ ರಕ್ಷಣೆ ಇತ್ತು. 2013ರ ಲಿಲಿ ಥಾಮಸ್ ತೀರ್ಪು ಅದನ್ನು ರದ್ದು ಮಾಡಿತು.

ಹಾಗಾಗಿ "ಸುಪ್ರೀಂ ಕೋರ್ಟ್‌ವರೆಗೂ ಏನೂ ಇಲ್ಲ" ಅನ್ನೋರೂ ತಪ್ಪು. ವಿಚಾರಣಾ ನ್ಯಾಯಾಲಯ ದೋಷಿ ಅಂದಾಗಲೇ ನಿರ್ದೋಷಿ ಎಂಬ ಪೂರ್ವಭಾವನೆ ಮುಗಿಯುತ್ತೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಶಿಕ್ಷೆ ನಿಲ್ಲಲ್ಲ, ಅಮಾನತು ಬೇಕಾದರೆ 430ರಲ್ಲಿ ಕೇಳಬೇಕು.

ಭಾಗ_ಮೂರು:
2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ 130ನೇ ತಿದ್ದುಪಡಿ ಮಸೂದೆಯನ್ನು ಈ ಹಂತಗಳ ಪಕ್ಕ ಇಟ್ಟು ನೋಡಿ. 5 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಆರೋಪದಲ್ಲಿ ಸತತ 30 ದಿನ ಬಂಧನದಲ್ಲಿದ್ದರೆ ಮಂತ್ರಿ ಸ್ಥಾನ ಹೋಗಬೇಕು ಅನ್ನೋದು ಅದರ ಪ್ರಸ್ತಾವ. 30ನೇ ದಿನಕ್ಕೆ ಚಾರ್ಜ್‌ಶೀಟ್ ಕೂಡ ಬಂದಿರಬೇಕಿಲ್ಲ. ಬರೀ ಸಮಂಜಸ ಸಂಶಯದ ಹಂತದಲ್ಲೇ ಹುದ್ದೆ ಕಿತ್ತುಕೊಂಡ ಹಾಗೆ.

ನೇತ್ರಾವತಿ_ಎಸ್:
ಜೈಲಿನಿಂದ ಸರ್ಕಾರ ನಡೆಸೋದು ಸರಿನಾ ಹಾಗಾದರೆ? ಸಾಮಾನ್ಯ ಸರ್ಕಾರಿ ನೌಕರ 48 ಗಂಟೆ ಮೀರಿ ಬಂಧನದಲ್ಲಿದ್ದರೆ ಅಮಾನತು ಅಂತ ನಿಯಮ ಇದೆಯಲ್ಲ.

ಭಾಗ_ಮೂರು:
ಅಮಾನತು ಬೇರೆ, ತೆಗೆದುಹಾಕೋದು ಬೇರೆ. ನೌಕರ ಖುಲಾಸೆಯಾದರೆ ವಾಪಸ್ ಬರುವ ದಾರಿ ಅದೇ ನಿಯಮದಲ್ಲಿದೆ. ಮಂತ್ರಿಯನ್ನು ಮತ್ತೆ ನೇಮಿಸಬಹುದು ಅಂತ ಮಸೂದೆಯೂ ಹೇಳುತ್ತೆ, ಆದರೆ ಅಷ್ಟರೊಳಗೆ ಸರ್ಕಾರವೇ ಬಿದ್ದಿರಬಹುದು. ತನಿಖಾ ಸಂಸ್ಥೆ ಕಾರ್ಯಾಂಗದ ಕೈಯಲ್ಲಿರುವಾಗ ಈ ಭಯ ಬರೀ ಊಹೆಯಲ್ಲ.

ಅಡ್ವೊಕೇಟ್_ಆರ್‌ಕೆ:
ವಿಷಯ ಬೇರೆ ಕಡೆ ಹೋಗ್ತಿದೆ, ಆದರೂ ಒಂದು ಸೇರಿಸ್ತೀನಿ. ಸರ್ಕಾರ ಬದಲಾದಾಗ "ಕೇಸ್ ವಾಪಸ್" ಅಂತ ಸಂಪುಟ ತೀರ್ಮಾನ ಮಾಡುತ್ತೆ. ಆ ತೀರ್ಮಾನದಿಂದಷ್ಟೇ ಕೇಸ್ ಹೋಗಲ್ಲ. 360ರ ಪ್ರಕಾರ ಸರ್ಕಾರಿ ಅಭಿಯೋಜಕರು ತಾವೇ ವಿವೇಚಿಸಿ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು, ಈಗ ಸಂತ್ರಸ್ತರ ಮಾತನ್ನೂ ಕೇಳಬೇಕು. ಕಾರ್ಯಾಂಗ, ನ್ಯಾಯಾಂಗದ ಪ್ರತ್ಯೇಕತೆಗೆ ಉದಾಹರಣೆ ಕೇಳಿದರೆ 50ನೇ ವಿಧಿ ಬರೆದು ನಿಲ್ಲಿಸದೆ ಇದನ್ನೂ ಬರೀರಿ.

ಸುಮ್ನೆ_ಕೇಳ್ದೆ:
ಸಂದೇಹಾತೀತ ಅಂದ್ರೆ ಎಷ್ಟು? ನೂರಕ್ಕೆ ನೂರಾ?

ಕಟಕಟೆ:
ನೂರಕ್ಕೆ ನೂರಲ್ಲ. ಕಾರಣ ಕೊಟ್ಟು ವಿವರಿಸಬಹುದಾದ ಸಂದೇಹ ಉಳಿಯಬಾರದು ಅಷ್ಟೇ. ಅದು ಹುಟ್ಟೋದು ಪಾಟೀ ಸವಾಲಿನಲ್ಲಿ, ಅಲ್ಲಿ ಎಳೆ ಎಳೆಯಾಗಿ ಕೆಲಸ ನಡೆಯುತ್ತೆ. ಕೋರ್ಟ್‌ನಲ್ಲಿ ಸಾಕ್ಷಿ "ಅವನ ಕೈಯಲ್ಲಿ ಮಚ್ಚಿತ್ತು" ಅಂತಾರೆ. ತನಿಖೆ ವೇಳೆ ಪೊಲೀಸರು ಬರೆದುಕೊಂಡ 180ರ ಹೇಳಿಕೆಯಲ್ಲಿ "ದೊಣ್ಣೆ" ಅಂತಿದೆ. ಆರೋಪಿ ಪರ ವಕೀಲರು ಆ ಸಾಲನ್ನು ಸಾಕ್ಷಿಗೆ ಓದಿ ಹೇಳಿ "ಹೀಗೆ ಹೇಳಿದ್ದಿರಾ?" ಅಂತ ಕೇಳಬೇಕು. ಇಲ್ಲ ಅಂದರೆ ಆ ಸಾಲನ್ನು ಮಾತ್ರ ನಿಡಿ-1 (ಆರೋಪಿ ಪರದ ಮೊದಲ ದಾಖಲೆ) ಅಂತ ಗುರುತಿಸಬೇಕು, ಇಡೀ ಹೇಳಿಕೆಯನ್ನಲ್ಲ. ಆಮೇಲೆ ತನಿಖಾಧಿಕಾರಿ ಕಟ್ಟೆ ಹತ್ತಿದಾಗ "ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ?" ಅಂತ ಕೇಳಿ ಹೌದು ಅನ್ನಿಸಬೇಕು. ಈ ಕೊನೆಯ ಪ್ರಶ್ನೆ ಮರೆತರೆ ವಿರೋಧಾಭಾಸ ಸಾಬೀತೇ ಆಗಲ್ಲ, ವಾದದಲ್ಲಿ ಎಷ್ಟು ಕೂಗಿದರೂ ಪ್ರಯೋಜನ ಇಲ್ಲ.

ಮಹಜರು:
180ರ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸಬಾರದು ಅನ್ನೋದನ್ನೂ ನೆನಪಿಡಿ, 181 ಬೇಡ ಅನ್ನುತ್ತೆ.

ಚಂದನಾ_ಎಲ್‌ಎಲ್‌ಬಿ:
ಕೊನೇದೊಂದು. 2024ರ ಮೇ ತಿಂಗಳಲ್ಲಿ ನಡೆದ ಕೃತ್ಯಕ್ಕೆ ಆಗಸ್ಟ್‌ನಲ್ಲಿ ದೂರು ಕೊಟ್ಟರೆ ಯಾವ ಕಾನೂನು?

ಅಡ್ವೊಕೇಟ್_ಆರ್‌ಕೆ:
ಅಪರಾಧ ಮತ್ತು ಶಿಕ್ಷೆಗೆ ಭಾರತೀಯ ದಂಡ ಸಂಹಿತೆಯೇ. ಹೊಸ ಸಂಹಿತೆಗಳು ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಕೃತ್ಯ ನಡೆದ ದಿನ ಇದ್ದ ಕಾನೂನಿಗಿಂತ ಹೆಚ್ಚಿನ ಶಿಕ್ಷೆ ಕೊಡೋಕೆ 20(1)ನೇ ವಿಧಿ ಬಿಡಲ್ಲ. ಪ್ರಕ್ರಿಯೆಗೆ ಮಾತ್ರ ಹೊಸ ನಾಗರಿಕ ಸುರಕ್ಷಾ ಸಂಹಿತೆ, ಯಾಕೆಂದರೆ ಎಫ್‌ಐಆರ್ ಆಗಿದ್ದೇ ಜುಲೈ 1ರ ನಂತರ. ಎಫ್‌ಐಆರ್‌ನಲ್ಲಿ ಐಪಿಸಿ 420 ಮತ್ತು ಬಿಎನ್‌ಎಸ್‌ಎಸ್ 173 ಒಟ್ಟಿಗೆ ಕಂಡರೆ ತಪ್ಪಾಗಿದೆ ಅಂದುಕೊಳ್ಳಬೇಡಿ. ಜುಲೈ 1ಕ್ಕೆ ಮೊದಲೇ ತನಿಖೆ ಶುರುವಾಗಿದ್ದರೆ ಅದು 531ರ ಪ್ರಕಾರ ಹಳೇ ಸಿಆರ್‌ಪಿಸಿಯಲ್ಲೇ ಮುಂದುವರಿಯುತ್ತೆ.